ಪ್ರೊಫೆಸರ್ ಬಿಸ್ಕೋವ್‌ಸ್ಕಿಯ ಹುಟ್ಟುಹಬ್ಬ

ನಾನು ಹುಟ್ಟಿದ ದಿನ ಯಾವುದೆಂದು ನನಗೆ ಗೊತ್ತಿಲ್ಲ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯೇನೂ ಇಲ್ಲ. ನಿವೃತ್ತನಾಗಿದ್ದೇನೆ, ಇನ್ನು ಯಾರೂ ನನ್ನ ಸರ್ವಿಸ್ ರಿಜಿಸ್ಟರು ತೆಗೆದು ನೋಡುವುದಿಲ್ಲ. ಕಾಗದದ ಮೇಲೆ ನಾನು ಜೂನ್ ಒಂದರಂದು ಹುಟ್ಟಿದವನು. ನಮ್ಮೂರಿನ ಶಾಲೆಯ ಹೆಡ್‌ಮಾಸ್ತರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು. ಮುಟ್ಟಿದವರನ್ನೆಲ್ಲ ಶಾಲೆಗೆ ಸೇರಿಸಿಕೊಂಡು, ಒಂದೇ ಏಟಿಗೆ ಜೂನ್ ಒಂದಕ್ಕೆ ಹುಟ್ಟಿಸಿಬಿಟ್ಟರು. ನನ್ನ ಕೈ ಕಿವಿಗೆ ತಾಕಿರಲಿಲ್ಲ, ಕತ್ತು ವಾಲಿಸಿ ಮುಟ್ಟಿದ್ದೆ. ಅಂದರೆ ನನ್ನ ಹುಟ್ಟಿನಲ್ಲೇ ಒಂದಿಷ್ಟು ಮೋಸವಿದೆ.

ಅವ್ವನನ್ನು ಕೇಳಿದರೆ ಅವಳದು ಬೇರೆಯೇ ಪಂಚಾಂಗ. ನಾನು ಹುಟ್ಟಿದಾಗ ಜೋಳದ ರಾಶಿ ನಡೆದಿತ್ತಂತೆ, ಮನೆಯ ಎಮ್ಮೆ ಈದು ಮೂರು ದಿನವಾಗಿತ್ತಂತೆ, ಸೋದರತ್ತೆ ಯಾವುದಕ್ಕೋ ಮುನಿಸಿಕೊಂಡು ಬಾಣಂತಿ ಕೋಣೆಗೆ ಕಾಲಿಟ್ಟಿರಲಿಲ್ಲವಂತೆ. ಎಮ್ಮೆ ಈದದ್ದು ಯಾವ ತಾರೀಖು ಎಂದರೆ ಅದನ್ನು ಯಾರು ಬರೆದಿಡುತ್ತಾರೆ ಎಂದು ನನ್ನನ್ನೇ ಬೈಯುತ್ತಿದ್ದಳು. ಅಪ್ಪನ ಕಥೆ ಇನ್ನೂ ಗೋಜಲು. ಅವರು ನಿಜಾಮರ ಕಾಲದ ತಹಸೀಲು ಕಚೇರಿಯ ಕಾರಕೂನರು. ದಾಖಲೆಯ ಪ್ರಕಾರ ಅವರು ಹುಟ್ಟಿದ್ದು ಫಸಲಿ ಸನದ, ಅಂದರೆ ನಿಜಾಮರ ಕಂದಾಯ ವರ್ಷದ, ಬಹ್ಮನ್ ತಿಂಗಳಲ್ಲಿ. ರಾಜ್ಯ ಹೋಗಿ ರಾಜ್ಯ ಬಂದು ಅದನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸುವ ಹೊತ್ತು ಬಂದಾಗ ಒಬ್ಬೊಬ್ಬ ಗುಮಾಸ್ತ ಒಂದೊಂದು ಉತ್ತರ ಕೊಟ್ಟ. ಬ್ರಿಟನ್ನಿನಲ್ಲಿ ಹಿಂದೊಮ್ಮೆ ಕ್ಯಾಲೆಂಡರು ಸರಿಪಡಿಸುವಾಗ ಹನ್ನೊಂದು ದಿನಗಳನ್ನು ಸಾರಾಸಗಟಾಗಿ ಬಿಟ್ಟುಬಿಟ್ಟರೆಂದು ನಾನು ಓದಿ ಹೇಳಿದಾಗ, ಅಪ್ಪ ಒಬ್ಬರೇ ಅದನ್ನು ನಗದೆ ಕೇಳಿದರು.

ಸ್ವಂತ ತಾರೀಖಿಲ್ಲದವನಿಗೆ ಊರವರ ತಾರೀಖಿನ ಹುಚ್ಚು ಹತ್ತುವುದು ಸಹಜ. ನನಗೆ ಅದು ಹೈದರಾಬಾದಿಗೆ ಬಂದು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನಾದ ಮೇಲೆ ಹತ್ತಿತು. ಪತ್ರಿಕೆಯ ಮೂಲೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂದು ಬರುತ್ತದಲ್ಲ, ಅದನ್ನು ಕತ್ತರಿಸಿ ಇಡತೊಡಗಿದೆ. ಭಾನುವಾರ ಆಬಿಡ್ಸಿನ ಫುಟ್‌ಪಾತಿನ ಮೇಲೆ ಹರಡಿದ ಹಳೆಯ ಪುಸ್ತಕಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹರಕು ವಾರ್ಷಿಕ ಕೋಶಗಳನ್ನು ಆರಿಸಿ ತಂದೆ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ತಾರೀಖಿಗೊಂದು ಪುಟದಂತೆ ಮುನ್ನೂರ ಅರವತ್ತಾರು ಪುಟ ಬಿಟ್ಟು ಎಲ್ಲವನ್ನೂ ನಕಲು ಮಾಡಿದೆ. ಒಂದೇ ತಾರೀಖಿನಲ್ಲಿ ಎಂಥೆಂಥ ಜನ ಒಟ್ಟಿಗಿರುತ್ತಾರೆಂದು ನಿಮಗೆ ಗೊತ್ತಿಲ್ಲ. ಒಂದು ಸಾಮ್ರಾಜ್ಯ ಬಿದ್ದಿರುತ್ತದೆ, ಅದೇ ದಿನ ಒಬ್ಬ ಹಾಸ್ಯನಟ ಹುಟ್ಟಿರುತ್ತಾನೆ, ಇನ್ನಾರೋ ಒಬ್ಬ ಹೊಲಿಗೆ ಯಂತ್ರಕ್ಕೆ ಪೇಟೆಂಟು ಪಡೆದಿರುತ್ತಾನೆ. ಕೋಠಿಯ ಬಸ್ಸಿನಲ್ಲಿ ಒಂದೇ ಸೀಟಿನ ಮೇಲೆ ಒತ್ತರಿಸಿ ಕೂತ ಮೂವರಂತೆ ಅವರು ಒಬ್ಬರನ್ನೊಬ್ಬರು ನೋಡದೆ ಕೂತಿರುತ್ತಾರೆ. ಇದನ್ನು ನೋಡುತ್ತ ನೋಡುತ್ತ ನನ್ನ ಊಟ ಆರಿ ಹೋಗುತ್ತಿತ್ತು, ನನ್ನ ಹೆಂಡತಿಯ ಸಿಟ್ಟು ಆರುತ್ತಿರಲಿಲ್ಲ.

ಹೆಸರು, ತಾರೀಖು ಒಂದನ್ನೂ ಹೇಳದೆ ಬರೀ ‘ಒಬ್ಬ ನಟ’, ‘ಒಂದು ಸಾಮ್ರಾಜ್ಯ’ ಅನ್ನುತ್ತಿದ್ದಾನಲ್ಲ ಎಂದು ನೀವು ಅಂದುಕೊಳ್ಳುತ್ತಿರಬಹುದು. ಬೇಕೆಂದೇ ಹಾಗೆ ಮಾಡುತ್ತಿದ್ದೇನೆ. ಹೆಸರಿನ ವಿಷಯದಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡವನು.

ನಮ್ಮ ವೆಲ್‌ಫೇರ್ ಆಫೀಸರರಿಗೆ ನನ್ನ ಹುಚ್ಚು ತಿಳಿದು, ಕ್ಯಾಂಟೀನಿನ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ದಿನವೂ ‘ಈ ದಿನ’ ಬರೆಯುವ ಕೆಲಸವನ್ನು ನನಗೆ ವಹಿಸಿದರು. ಅಲ್ಲಿಂದ ನನ್ನ ದರ್ಜೆಯೇ ಏರಿತು. ತೆಲುಗಿನವರು, ಉರ್ದುವಿನವರು, ನಮ್ಮ ಕಡೆಯ ಕನ್ನಡದವರು, ಯಾರ ಮನೆಯಲ್ಲಿ ಮಗು ಹುಟ್ಟಲಿ, ನನ್ನ ಮೇಜಿಗೆ ಬಂದು ಆ ದಿನ ಇನ್ನಾರು ಹುಟ್ಟಿದ್ದರು ಎಂದು ಕೇಳುತ್ತಿದ್ದರು. ನಾನು ನೋಟ್‌ಬುಕ್ಕು ತೆಗೆದು, ಸ್ವಲ್ಪ ತಡೆದು, ಕನ್ನಡಕ ಸರಿಮಾಡಿಕೊಂಡು ಹೇಳುತ್ತಿದ್ದೆ. ಕ್ರಿಕೆಟ್ಟಿನವನ ಹೆಸರು ಹೇಳಿದರೆ ಎಲ್ಲರಿಗೂ ಸಂತೋಷ. ಸಿನಿಮಾ ನಟಿಯ ಹೆಸರು ಹೇಳಿದರೆ ಅಪ್ಪನಿಗೆ ಸಂತೋಷ, ಮನೆಯಲ್ಲಿ ಹೇಳಿದ ಮೇಲೆ ಅಷ್ಟಿರುತ್ತಿರಲಿಲ್ಲ. ನಮ್ಮ ಆಫೀಸಿನ ಹಿರಿಯರು ಮಾತ್ರ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅವರಲ್ಲಿ ಅರ್ಧ ಜನ ನನ್ನ ಹಾಗೆ ಜೂನ್ ಒಂದರವರೇ. ಒಂದನೆಯ ತಾರೀಖಿನವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬ ನಿಯಮವಿರುವುದರಿಂದ, ಮೇ ಮೂವತ್ತೊಂದರಂದು ನಮ್ಮಲ್ಲಿ ಹೂವಿನ ಹಾರಕ್ಕೆ ಬರ ಬರುತ್ತಿತ್ತು.

ಡ್ರಾಯಿಂಗ್ ಸೆಕ್ಷನ್ನಿನ ಶ್ರೀಪಾದರಾಯರು ನನ್ನ ಗೆಳೆಯರು. ನಮ್ಮ ಕಲಬುರ್ಗಿ ಕಡೆಯವರೇ, ಎರಡು ತಲೆಮಾರಿನಿಂದ ಹಿಮಾಯತ್‌ನಗರದಲ್ಲಿದ್ದವರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವರಿಗೆ ಮಗುವಾಯಿತು. ಅವತ್ತು ಮಂಗಳವಾರ. ಬಸ್ಸು ತಪ್ಪಿ ನಾನು ಆಫೀಸಿಗೆ ತಡವಾಗಿ ಬಂದಿದ್ದೆ. ಹಲಗೆಯ ಮೇಲೆ ಇನ್ನೂ ಸೋಮವಾರದ್ದೇ ಇತ್ತು. ಆಸ್ಪತ್ರೆಯಿಂದ ನೇರವಾಗಿ ಬಂದ ಶ್ರೀಪಾದರಾಯರು ಪೇಢೆಯ ಡಬ್ಬಿ ಹಿಡಿದು ಆ ಹಲಗೆಯ ಮುಂದೆ ನಿಂತಿದ್ದರು.

ಹೆಣ್ಣು ಮಗು, ತಾಯಿ ಮಗು ಆರಾಮ ಎಂದು ಹೇಳಿದರು. ಹುಟ್ಟಿದ್ದು ನಸುಕಿನ ನಾಲ್ಕಕ್ಕೆ. ಸೂರ್ಯ ಹುಟ್ಟುವುದಕ್ಕೆ ಮುಂಚೆ ಆದದ್ದರಿಂದ ಅದು ನಿನ್ನೆಯ ಲೆಕ್ಕ, ಸೋಮವಾರ, ಮಾಘದ ಅಮಾವಾಸ್ಯೆ ಎಂದರು. ನಮ್ಮ ಮನೆಗಳಲ್ಲಿ ಸೂರ್ಯ ಮೂಡುವ ತನಕ ಹಿಂದಿನ ದಿನವೇ ನಡೆಯುತ್ತದೆ. ಅದರಲ್ಲಿ ಅವರಿಗಾಗಲಿ ನನಗಾಗಲಿ ವಿಶೇಷವೇನೂ ಕಾಣಲಿಲ್ಲ. ಅಮಾವಾಸ್ಯೆಯಲ್ಲಿ ಹೆಣ್ಣು ಹುಟ್ಟಿತೆಂದು ಅವರ ತಾಯಿ ಅಂಬಾಬಾಯಿಯವರು ಆಸ್ಪತ್ರೆಯ ವರಾಂಡದಲ್ಲೇ ಅಳುತ್ತ ಕೂತಿದ್ದಾರೆ, ಇಂಗ್ಲಿಷ್ ತಾರೀಖಾದರೂ ಚೆನ್ನಾಗಿದೆಯೇ ನೋಡಿಕೊಂಡು ಹೋಗಿ ಅವರಿಗೆ ಸಮಾಧಾನ ಹೇಳೋಣವೆಂದು ಇವರು ಬಂದಿದ್ದಾರೆ. ಹಲಗೆಯ ಮೇಲೆ ಸೋಮವಾರಕ್ಕೆ ನಾನು ಬರೆದದ್ದು ಮೂರೇ ಸಾಲು. ಒಂದು ಭೂಕಂಪ. ಒಂದು ಹಡಗು ಮುಳುಗಿದ್ದು. ಒಬ್ಬ ರಾಜನನ್ನು ಅವನ ತಮ್ಮನೇ ಕೊಲ್ಲಿಸಿದ್ದು.

“ರಂಗರಾಯರ, ಇದೇನ್ರೀ ನಿಮ್ಮ ಬೋರ್ಡು? ಒಂದರೆ ಛಲೋ ಸುದ್ದಿ ಇಲ್ಲಲ್ರೀ” ಎಂದರು. ನಗಲು ನೋಡಿದರು, ಆಗಲಿಲ್ಲ.

ಒಂಬತ್ತು ವರ್ಷ ಕಾದ ಮನುಷ್ಯನ ಮುಖ ನನ್ನ ಅಕ್ಷರ ನೋಡಿ ಹಾಗಾಯಿತಲ್ಲ ಎಂದು ನನಗೆ ಕೆಡುಕೆನಿಸಿತು. ಇನ್ನೂ ಒಂದು ಸಾಲು ಬರೆಯುವುದಿತ್ತು, ಜಾಗ ಸಾಲದೆ ಬಿಟ್ಟಿದ್ದೆ ಎಂದೆ. ಸೀಮೆಸುಣ್ಣದ ಕಡ್ಡಿ ಎತ್ತಿಕೊಂಡೆ. ಏನು ಬರೆಯುವುದು? ಗಣಿತಜ್ಞ ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲವೆಂದು ಗಣಿತಜ್ಞ ಎಂದು ಬರೆದೆ. ಹೆಸರು? ಪಕ್ಕದ ಮೇಜಿನ ಮೇಲೆ ಯಾರೋ ಇಟ್ಟ ಚಹಾದ ಬಸಿಯಲ್ಲಿ ಒಂದು ಉಸ್ಮಾನಿಯಾ ಬಿಸ್ಕಿಟ್ಟಿತ್ತು. ‘ಜಗತ್ಪ್ರಸಿದ್ಧ ಗಣಿತಜ್ಞ ಪ್ರೊಫೆಸರ್ ಬಿಸ್ಕೋವ್‌ಸ್ಕಿ, ಜನನ’ ಎಂದು ದುಂಡಗೆ ಬರೆದು ಕೈ ಝಾಡಿಸಿದೆ.

ಶ್ರೀಪಾದರಾಯರು ಅದನ್ನು ಎರಡು ಸಲ ಓದಿದರು, ಸಿಗರೇಟು ಪ್ಯಾಕಿನ ಹಿಂದೆ ನಕಲು ಮಾಡಿಕೊಂಡರು, ನನ್ನ ಬಾಯಿಗೆ ಎರಡು ಪೇಢೆ ತುರುಕಿ ಆಸ್ಪತ್ರೆಗೆ ಓಡಿದರು. ನಾನು ಹಲಗೆ ಒರೆಸಿ, ನೋಟ್‌ಬುಕ್ಕು ತೆಗೆದು, ಮಂಗಳವಾರದ್ದನ್ನು ಬರೆಯಲು ನಿಂತೆ. ಒಬ್ಬರ ಮನಸ್ಸಿಗೆ ಹಿತವಾಯಿತು, ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ನಾಮಕರಣಕ್ಕೆ ಹೋದರೆ ಅಂಬಾಬಾಯಿಯವರು ಎಲ್ಲರೆದುರು ನನ್ನ ಕೈ ಹಿಡಿದುಕೊಂಡು, “ಅಮಾಸಿ ಕೂಸಂತ ನಾ ಭಾಳ ಅತ್ತಿದ್ದೆ ನೋಡಪಾ. ನೀ ಹೇಳಿದ ಮ್ಯಾಲೆ ಜೀವಕ್ಕ ತಂಪಾತು” ಎಂದರು. ಮಗುವಿಗೆ ವಾರಿಜಾ ಎಂದು ಹೆಸರಿಟ್ಟರು. ಅಜ್ಜಿ ಅವಳ ಹುಟ್ಟುಹಬ್ಬವನ್ನು ತಿಥಿಯ ಪ್ರಕಾರ ಆರತಿ ಎತ್ತಿ ಮಾಡಿದರೆ, ಅಪ್ಪ ತಾರೀಖಿನ ಪ್ರಕಾರ ಪೇಢೆ ತಂದು ಮಾಡುತ್ತಿದ್ದರು. ಪ್ರತಿ ವರ್ಷ ಆ ತಾರೀಖಿಗೆ ಅವಳನ್ನು ಕರೆದುಕೊಂಡು ಸುಲ್ತಾನ್ ಬಜಾರಿನ ಹಿಂದಿನ ನಮ್ಮ ಮನೆಗೆ ಬರುವರು. ಕಾಕಾನ ಬಾಯಿಂದ ಪ್ರೊಫೆಸರರ ಕಥೆ ಕೇಳಬೇಕು, ಅದೇ ಹಬ್ಬ. ನನ್ನ ಹೆಂಡತಿಗೆ ಮೊದಲ ದಿನವೇ ನಿಜ ಹೇಳಿದ್ದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಅಡ್ಡ ಹಿಡಿದು ಕೇಳುತ್ತಿದ್ದಳು.

ಹೀಗೆ ವರ್ಷಕ್ಕಿಷ್ಟರಂತೆ ಬಿಸ್ಕೋವ್‌ಸ್ಕಿ ಬೆಳೆದರು. ಮೊದಲು ಅವರಿಗೊಂದು ಊರು ಬೇಕಾಯಿತು. ಹಿಮ ಬೀಳುವ ಒಂದು ಊರು ಕೊಟ್ಟೆ. ಆಮೇಲೆ ಒಬ್ಬ ಅಜ್ಜಿ, ಒಂದು ಕುಂಟು ನಾಯಿ. ಲೆಕ್ಕ ಮಾಡುವಾಗ ಗಡ್ಡ ಜಗಿಯುವ ಅಭ್ಯಾಸ. ವಾರಿಜಾ ಏಳನೆಯ ಇಯತ್ತೆಯಲ್ಲಿದ್ದಾಗ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲೇ ಫೇಲಾದಳು. ಆ ಸಲದ ಹುಟ್ಟುಹಬ್ಬಕ್ಕೆ ಬಂದವಳು ಪೇಢೆ ಮುಟ್ಟದೆ, ಫ್ರಾಕಿನ ಅಂಚು ತಿರುವುತ್ತ ಕೂತಿದ್ದಳು. ಪಾಸಾದವರ ಹೆಸರುಗಳನ್ನು ಅಪ್ಪ ಒಂದೊಂದಾಗಿ ಹೇಳುತ್ತಿದ್ದರು. ನಾನು ಮಧ್ಯೆ ಬಾಯಿ ಹಾಕಿ, ಪ್ರೊಫೆಸರರು ಕೂಡ ಏಳನೆಯದರಲ್ಲಿ ಗಣಿತದಲ್ಲಿ ಫೇಲಾಗಿದ್ದರು, ಮಾಸ್ತರು ಅವರನ್ನು ಆಲೂಗಡ್ಡೆ ಮಾರಲಿಕ್ಕೆ ಹೋಗು ಎಂದಿದ್ದರು, ಅವರು ಹೋಗಿ ಒಂದು ಚೀಲ ಆಲೂಗಡ್ಡೆ ತಂದು ಅದರಿಂದಲೇ ಭಿನ್ನರಾಶಿ ಕಲಿತರು ಎಂದೆ. ಹುಡುಗಿ ತಲೆ ಎತ್ತಿದಳು. ಖರೇನಾ ಎಂದು ಕೇಳಿದಳು. ಖರೇ ಎಂದೆ. ಆಮೇಲೆ ಅವಳು ಗಣಿತದಲ್ಲಿ ಫೇಲಾಗಲಿಲ್ಲ. ನನ್ನ ನಿದ್ದೆ ಮಾತ್ರ ಕಡಿಮೆಯಾಯಿತು, ಏಕೆಂದರೆ ಹುಡುಗಿ ಗಣಿತದ ಹಿಂದೆ ಬಿದ್ದಿದ್ದಳು, ಆ ಗಣಿತದ ಹಿಂದೆ ನನ್ನ ಬಿಸ್ಕಿಟ್ಟಿತ್ತು.

ಹತ್ತನೆಯದು ಓದುವಾಗ ಅವಳೇ ನನಗೊಂದು ವಿಷಯ ಕಲಿಸಿದಳು. ಒಂದು ಕೋಣೆಯಲ್ಲಿ ಇಪ್ಪತ್ತಮೂರು ಜನರಿದ್ದರೆ ಸಾಕು, ಅವರಲ್ಲಿ ಇಬ್ಬರ ಹುಟ್ಟಿದ ತಾರೀಖು ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚಂತೆ. ನಾನು ನಂಬಲಿಲ್ಲ. ಅವಳು ಕಾಗದದ ಮೇಲೆ ಮಾಡಿ ತೋರಿಸಿದಳು. ನಮ್ಮ ಆಫೀಸಿನಲ್ಲಾದರೆ ಇದಕ್ಕೆ ಗಣಿತ ಬೇಕಿಲ್ಲ, ಹೆಡ್‌ಮಾಸ್ತರೇ ಸಾಕು ಎಂದೆ. ಅವಳು ಬಿದ್ದು ಬಿದ್ದು ನಕ್ಕಳು.

ಇಂಟರ್ ಮುಗಿಸಿದ ಮೇಲೆ ವಾರಿಜಾ ಊರ ಹೊರಗಿನ ವಿಶ್ವವಿದ್ಯಾಲಯದಲ್ಲಿ ಗಣಿತದ ಐದು ವರ್ಷದ ಕೋರ್ಸಿಗೆ ಅರ್ಜಿ ಹಾಕಿದಳು. ಬೆರಳೆಣಿಕೆಯ ಸೀಟು, ಪರೀಕ್ಷೆ ಆಗಿ ಸಂದರ್ಶನಕ್ಕೆ ಕರೆ ಬಂದಿತ್ತು. ಅದು ಸಿಗದಿದ್ದರೆ ಬ್ಯಾಂಕ್ ಪರೀಕ್ಷೆ ಕಟ್ಟಿಸುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಶ್ರೀಪಾದರಾಯರು ನನ್ನ ಮೇಜಿನ ಮುಂದೆ ನಿಂತು ಬೀಗುತ್ತ, “ಗಣಿತ ಯಾಕ ಬೇಕು ಅಂತ ಕೇಳೇ ಕೇಳತಾರ. ಬಿಸ್ಕೋವ್‌ಸ್ಕಿ ಹೆಸರು ಹೇಳು ಅಂತ ಹೇಳೀನ್ರೀ. ಅವರ ಕಥಿ ಪೂರ್ತಿ ಹೇಳು ಅಂದೀನಿ, ಆಲೂಗಡ್ಡಿಯಿಂದ ಹಿಡದು” ಎಂದರು.

ಆ ಸಂದರ್ಶನ ನನ್ನ ಕಣ್ಣ ಮುಂದೆ ಬಂತು. ಮೂವರು ಪ್ರೊಫೆಸರರು, ಗಣಿತದಲ್ಲೇ ತಲೆ ನೆರೆದವರು, ಅವರೆದುರು ಈ ಹುಡುಗಿ ಆಲೂಗಡ್ಡೆಯ ಕಥೆ ಹೇಳುತ್ತಾಳೆ. ಯಾರಮ್ಮ ಆ ಬಿಸ್ಕೋವ್‌ಸ್ಕಿ ಎಂದು ಒಬ್ಬರು ಕೇಳುತ್ತಾರೆ. ಇನ್ನೊಬ್ಬರು ನಗುತ್ತಾರೆ. ಆ ನಗು ಅವಳಿಗೆ ಜೀವಮಾನವಿಡೀ ಸಾಕಾಗುತ್ತದೆ. ಸಂದರ್ಶನಕ್ಕೆ ಇನ್ನು ಹತ್ತು ದಿನವಿತ್ತು.

ಭಾನುವಾರ ನಿಜ ಹೇಳಿಬಿಡಬೇಕೆಂದು ಹಿಮಾಯತ್‌ನಗರಕ್ಕೆ ಹೋದೆ. ವಾರಿಜಾ ಗೆಳತಿಯ ಮನೆಗೆ ಓದಲು ಹೋಗಿದ್ದಳು. ಎಂಬತ್ತು ದಾಟಿದ ಅಂಬಾಬಾಯಿಯವರು ನನ್ನ ದನಿ ಕೇಳಿ, ಪ್ರೊಫೆಸರರ ಕಡೆಯವರು ಬಂದರೆಂದು ಒಳಗೆ ಕೂಗಿ ಹೇಳಿದರು. ಅಮಾವಾಸ್ಯೆ ಎಂದು ಅತ್ತ ಕಥೆಯನ್ನೂ ನಾನು ಕಣ್ಣೀರು ಒರೆಸಿದ ಕಥೆಯನ್ನೂ ಮತ್ತೊಮ್ಮೆ ಹೇಳಿದರು. ಶ್ರೀಪಾದರಾಯರು ಪಕ್ಕದ ಮನೆಯವರನ್ನು ಕರೆದು ನನ್ನನ್ನು ಪರಿಚಯಿಸಿದರು. ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಹೇಳಿದ್ರೇನು ಎಂದು ಕೇಳಿದಳು. ಚಕ್ಕುಲಿ ಕೊಟ್ಟರು ಎಂದು ಪೊಟ್ಟಣ ಮುಂದೆ ಹಿಡಿದೆ. ಅವಳು ಪೊಟ್ಟಣ ತೆಗೆದುಕೊಂಡು, ಬೈಯುವ ಬದಲು ನನಗೇ ಒಂದು ಚಕ್ಕುಲಿ ಕೊಟ್ಟಳು. ಅದು ಇನ್ನೂ ಕಷ್ಟವಾಯಿತು.

ಉಳಿದದ್ದು ಒಂದೇ ದಾರಿ. ಆ ತಾರೀಖಿಗೆ ನಿಜವಾದ ಗಣಿತಜ್ಞನೊಬ್ಬ ಹುಟ್ಟಿದ್ದರೆ ಅವನನ್ನು ಹಿಡಿದು ತಂದು ಬಿಸ್ಕೋವ್‌ಸ್ಕಿಯ ಜಾಗದಲ್ಲಿ ಕೂರಿಸುವುದು. ಹೆಸರು ತಪ್ಪಾಗಿತ್ತು, ಮುದ್ರಣದೋಷ ಎನ್ನುವುದು. ಅಫ್ಜಲ್‌ಗಂಜಿನ ದೊಡ್ಡ ಲೈಬ್ರರಿಗೆ ನಾಲ್ಕು ಸಂಜೆ ಹೋದೆ. ಆ ತಾರೀಖಿಗೆ ಒಬ್ಬ ಕುಸ್ತಿಪಟು ಸಿಕ್ಕ. ಒಬ್ಬಳು ಗಾಯಕಿ, ಒಬ್ಬ ಸೇನಾಪತಿ, ದೀಪಸ್ತಂಭಗಳನ್ನು ಕಟ್ಟಿದ ಒಬ್ಬ ಎಂಜಿನಿಯರು ಸಿಕ್ಕರು. ಕೂಡಿ ಕಳೆಯುವವನು ಒಬ್ಬನೂ ಇಲ್ಲ. ಲೋಕದ ಗಣಿತಜ್ಞರೆಲ್ಲ ಮಾತಾಡಿಕೊಂಡು ಆ ಒಂದು ದಿನ ಬಿಟ್ಟು ಹುಟ್ಟಿದ್ದರೆಂದು ನನಗೆ ಸಿಟ್ಟು ಬಂತು.

ಸಂದರ್ಶನದ ದಿನ ಅರ್ಧ ದಿನದ ರಜೆ ಹಾಕಿ ಕೋಠಿಯ ಬಸ್‌ಸ್ಟಾಪಿನಲ್ಲಿ ನಿಂತೆ. ವಿಶ್ವವಿದ್ಯಾಲಯದ ಬಸ್ಸು ಅಲ್ಲಿಗೇ ಬರುವುದು. ಮೂರು ಬಸ್ಸು ಬಂದು ಹೋದವು. ನಾಲ್ಕನೆಯದರಿಂದ ವಾರಿಜಾ ಇಳಿದಳು, ಕೈಯಲ್ಲಿ ಫೈಲು, ಕೆದರಿದ ಜಡೆ. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ನೀವ್ಯಾಕೆ ಇಲ್ಲಿ ಎಂದು ಅವಳು ಕೇಳುವುದರೊಳಗೆ ನಾನು ಹದಿನೇಳು ವರ್ಷದ್ದನ್ನು ಒಂದೇ ಉಸಿರಿಗೆ ಹೇಳಿದೆ.

“ವಾರಿಜಾ, ಬಿಸ್ಕೋವ್‌ಸ್ಕಿ ಅನ್ನೋರು ಯಾರೂ ಇಲ್ಲವ್ವಾ. ನಾ ಹುಟ್ಟಿಸಿದ್ದು.”

“ಗೊತ್ತೈತ್ರೀ ಕಾಕಾ” ಎಂದಳು. “ಹಸಿವಾಗೇತಿ, ಚಾ ಕುಡಿಯೂಣ ಬರ್ರಿ.”

ಪಕ್ಕದ ಇರಾನಿ ಹೋಟೆಲಿನಲ್ಲಿ ಕೂತೆವು. ಅವಳು ನಿಧಾನವಾಗಿ ಹೇಳಿದಳು. ಎಂಟನೆಯದರಲ್ಲಿದ್ದಾಗ ಟೀಚರು ಗಣಿತಜ್ಞರ ಮೇಲೆ ಬರೆದು ತರಲು ಹೇಳಿದ್ದರಂತೆ. ಶಾಲೆಯ ಲೈಬ್ರರಿಯ ವಿಶ್ವಕೋಶದಲ್ಲಿ ಇವಳು ಬಿಸ್ಕೋವ್‌ಸ್ಕಿಯನ್ನು ಹುಡುಕಿದಳು, ಇರಲಿಲ್ಲ. ಬೇರೆ ಮೂರು ಪುಸ್ತಕಗಳಲ್ಲಿ ಹುಡುಕಿದಳು. ಎರಡು ದಿನ ನನ್ನ ಮೇಲೆ ಭಾರಿ ಸಿಟ್ಟಾಗಿದ್ದಳಂತೆ. ನಮ್ಮ ಮನೆಗೆ ಬಂದು ಎಲ್ಲರೆದುರು ಕೇಳಬೇಕೆಂದು ಹೊರಟೂ ಇದ್ದಳಂತೆ. ಯಾಕೆ ಬರಲಿಲ್ಲ ಎಂದೆ.

ಅವಳು ಕಪ್ಪನ್ನು ಬಸಿಯ ಮೇಲಿಟ್ಟಳು. “ನಾ ಫೇಲಾದಾಗ ಎಲ್ಲಾರೂ ಪಾಸಾದವರ ಹೆಸರ ಹೇಳಿದ್ರು, ಕಾಕಾ. ನನ್ನ ಜೋಡಿ ಫೇಲಾದವರು ಅವರೊಬ್ಬರ.”

ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಹೋಟೆಲಿನ ಹೊಗೆಯ ಮೇಲೆ ತಪ್ಪು ಹಾಕಿ ಒರೆಸಿಕೊಂಡೆ.

ಸಂದರ್ಶನದಲ್ಲಿ ಏನಾಯಿತು ಎಂದು ಕೇಳಲು ಧೈರ್ಯ ಬಂದದ್ದು ಆಮೇಲೆ. ಗಣಿತದ ಆಸೆ ಎಲ್ಲಿಂದ ಬಂತೆಂದು ಅವರು ಕೇಳಿದರಂತೆ. ಇವಳು ಇಲ್ಲದ ಪ್ರೊಫೆಸರರೊಬ್ಬರಿಂದ ಎಂದು ಹೇಳಿ, ಹಲಗೆ, ಅಮಾವಾಸ್ಯೆ, ಆಲೂಗಡ್ಡೆ, ಎಲ್ಲವನ್ನೂ ಹೇಳಿದಳಂತೆ. ಮೂವರೂ ನಕ್ಕರಂತೆ. ಆದರೆ ನಾನು ಹೆದರಿದಂಥ ನಗುವಲ್ಲ. ಅವರಲ್ಲಿ ಹಿರಿಯರು ಸೀಮೆಸುಣ್ಣದ ಕಡ್ಡಿ ಇವಳ ಕೈಗೆ ಕೊಟ್ಟು, ಹೆಸರುವಾಸಿ ಗಣಿತಜ್ಞರು ಒಂದು ಸಾವಿರ ಜನ ಎಂದು ಹಿಡಿ, ಒಂದು ಗೊತ್ತಾದ ತಾರೀಖಿಗೆ ಅವರಲ್ಲಿ ಒಬ್ಬರೂ ಹುಟ್ಟದಿರುವ ಸಂಭವ ಎಷ್ಟು, ಮಾಡು ಎಂದರು. ಇವಳು ಬೋರ್ಡಿನ ಮೇಲೆ ಮಾಡಿದಳು. ನೂರಕ್ಕೆ ಆರು, ಸ್ವಲ್ಪ ಮೇಲೆ.

ಹಾಗಾದರೆ ನಿಮ್ಮ ಕಾಕಾ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ, ಹುಡುಕಿದ್ದರೆ ನೂರಕ್ಕೆ ತೊಂಬತ್ತಮೂರು ಪಾಲು ಒಬ್ಬರು ಸಿಗುತ್ತಿದ್ದರು ಎಂದರಂತೆ ಆ ಹಿರಿಯರು. ನಾನು ಹುಡುಕಿದ್ದೇನೆ, ನಾಲ್ಕು ಸಂಜೆ ಹುಡುಕಿದ್ದೇನೆ, ನನ್ನ ದುರ್ದೈವಕ್ಕೆ ಆ ಆರರಲ್ಲೇ ಬಿದ್ದಿದ್ದೇನೆ ಎಂದು ಗೊಣಗಿದೆ. ಅವಳು ನನ್ನನ್ನು ಕನಿಕರದಿಂದ ನೋಡಿ, ಯಾವ ತಾರೀಖಿಗೆ ಹುಡುಕಿದಿರಿ ಎಂದು ಕೇಳಿದಳು. ಫೈಲು ಬಿಚ್ಚಿ ಮುನಿಸಿಪಾಲಿಟಿಯ ಒಂದು ಕಾಗದ ಮುಂದಿಟ್ಟಳು.

ಹತ್ತನೆಯದರ ಪರೀಕ್ಷೆಯ ಅರ್ಜಿಗೆ ಶಾಲೆಯವರು ಜನನ ಪತ್ರ ಕೇಳಿದ್ದರಂತೆ. ಮುನಿಸಿಪಾಲಿಟಿಯವರಿಗೆ ಸೂರ್ಯ ಹುಟ್ಟುವ ತನಕ ಕಾಯುವ ಪದ್ಧತಿಯಿಲ್ಲ. ಅವರಿಗೆ ಹನ್ನೆರಡು ಹೊಡೆದರೆ ಮರುದಿನ. ನಸುಕಿನ ನಾಲ್ಕಕ್ಕೆ ಹುಟ್ಟಿದ ಹುಡುಗಿಯನ್ನು ಅವರು ಮಂಗಳವಾರದ ತಾರೀಖಿಗೆ ಬರೆದಿದ್ದರು. ಶಾಲೆಯಲ್ಲಿ ತಾರೀಖು ತಿದ್ದಿಸಿ ಬಂದ ಶ್ರೀಪಾದರಾಯರು ಮನೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದರಂತೆ. ತಾರೀಖು ಬದಲಾದರೆ ಬಿಸ್ಕೋವ್‌ಸ್ಕಿ ಕೈಬಿಟ್ಟು ಹೋಗುತ್ತಾರಲ್ಲ ಎಂಬುದೇ ಅವರ ದುಃಖ. ಅದಕ್ಕೇ ನನಗೆ ಒಂದು ಮಾತೂ ಹೇಳದೆ ಹಳೆಯ ತಾರೀಖಿಗೇ ಪೇಢೆ ತರುತ್ತಿದ್ದರು.

“ಅಪ್ಪಗ ಹೇಳಬ್ಯಾಡ್ರಿ” ಎಂದಳು. “ಮನ್ಯಾಗ ಹೋಗಿ ನಿಮ್ಮ ನೋಟ್‌ಬುಕ್ ತಗೀರಿ. ಮಂಗಳವಾರದ್ದು.”

ಎದ್ದು ಹೊರಡುವ ಮುನ್ನ ನಾನು ಬಸಿಯಲ್ಲಿದ್ದ ಬಿಸ್ಕಿಟ್ಟು ಎತ್ತಿ ತೋರಿಸಿ, ಇವರೇ ಎಂದೆ. ಅವಳಿಗೆ ಅದೊಂದು ಗೊತ್ತಿರಲಿಲ್ಲ. ಒಂದು ಕ್ಷಣ ಬಿಸ್ಕಿಟ್ಟನ್ನೂ ನನ್ನನ್ನೂ ನೋಡಿ, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕಳು.

ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆ ನೋಟ್‌ಬುಕ್ಕು ತೆಗೆದೆ. ಮಂಗಳವಾರದ ತಾರೀಖಿನ ಪುಟ. ಮೂರನೆಯ ಸಾಲಿನಲ್ಲಿ, ನನ್ನದೇ ಅಕ್ಷರದಲ್ಲಿ, ಒಬ್ಬ ಗಣಿತಜ್ಞ, ಜನನ. ಸಾಮಾನ್ಯನಲ್ಲ, ಇವಳ ಕಾಲೇಜಿನ ಪುಸ್ತಕಗಳಲ್ಲೆಲ್ಲ ಬರುವವನು. ಪುಟದ ಅಂಚಿನಲ್ಲಿ ತುಪ್ಪದ ಕಲೆಯ ಒಂದು ಹೆಬ್ಬೆರಳ ಗುರುತು. ಪೇಢೆ ತಿಂದ ಕೈ. ಅಂದರೆ ಅವತ್ತು ಸುಳ್ಳು ಬರೆದು, ಪೇಢೆ ತಿಂದು, ಹಲಗೆ ಒರೆಸಿ, ಕಾಲು ಗಂಟೆಯೊಳಗೆ ಅದೇ ಹಲಗೆಯ ಮೇಲೆ ನಿಜವನ್ನು ಬರೆದು, ಅದನ್ನು ನೋಡದೆ ಹೋಗಿ ನನ್ನ ಕುರ್ಚಿಯಲ್ಲಿ ಕೂತಿದ್ದೆ. ಹದಿನೇಳು ವರ್ಷ ಹೊತ್ತು ತಿರುಗಿದ ಭಾರ ಹೀಗೆ ಬೆಪ್ಪನಾಗಿ ಇಳಿಸಿಟ್ಟೆ. ಹೆಂಡತಿಗೆ ತೋರಿಸಿದೆ. ಅವಳು ನೋಡಿ, ಇಷ್ಟು ದಿನ ಇದು ನಮ್ಮ ಕಪಾಟಿನಲ್ಲೇ ಇತ್ತಲ್ಲ ಎಂದಳು. ಅಂದು ರಾತ್ರಿ ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಮೂರು ವಾರಕ್ಕೆ ಪತ್ರ ಬಂತು, ಸೀಟು ಸಿಕ್ಕಿತು. ಶ್ರೀಪಾದರಾಯರು ಆಫೀಸಿಗೆಲ್ಲ ಪೇಢೆ ಹಂಚಿ, ಎಲ್ಲ ಬಿಸ್ಕೋವ್‌ಸ್ಕಿಯವರ ಕೃಪೆ ಎಂದರು. ನಾನು ಹೌದೆಂದು ತಲೆ ಆಡಿಸಿದೆ. ಅದು ಸುಳ್ಳೂ ಅಲ್ಲ.

ಮರುವರ್ಷ ಆ ಹಳೆಯ ತಾರೀಖಿಗೆ ವಾರಿಜಾ ಒಬ್ಬಳೇ ಬಂದಳು. ನನ್ನ ನೋಟ್‌ಬುಕ್ಕು ಕೇಳಿ ಇಸಕೊಂಡು ಸೋಮವಾರದ ಪುಟ ತೆಗೆದಳು. ಲೈಬ್ರರಿಯಲ್ಲಿ ಸಿಕ್ಕು ನಾನು ಬರೆದುಕೊಂಡ ಕುಸ್ತಿಪಟು, ಗಾಯಕಿ, ಸೇನಾಪತಿ, ಎಂಜಿನಿಯರು, ಎಲ್ಲರೂ ಇದ್ದರು. ಅವರ ಕೆಳಗೆ ಪ್ರೊಫೆಸರರನ್ನು ಬರೆದಳು, ಇನ್ನು ಮೇಲೆ ಅಡಗಿಸುವುದು ಬೇಡವೆಂದು. ಆಮೇಲೆ ನನ್ನನ್ನು ನೋಡಿ, “ನಾ ಮಂಗಳವಾರಕ್ಕ ಹೋದ್ನಲ್ರೀ ಕಾಕಾ, ಈ ದಿನ ಖಾಲಿ ಬಿತ್ತು. ನಿಮಗ ತಾರೀಖಿಲ್ಲಂತೀರಿ, ಇದನ್ನ ನೀವ ಇಟ್ಕೋರಿ” ಎಂದಳು. ಮಾಘದ ಕೊನೆ, ಜೋಳದ ರಾಶಿಯ ಕಾಲ. ಅವ್ವನ ಎಮ್ಮೆಯೂ ಸುಮಾರು ಆ ಹೊತ್ತಿಗೇ ಈದಿರಬೇಕು. ನಾನು ಬೇಡವೆನ್ನುವುದರೊಳಗೆ ಅವಳು ಬರೆದಾಗಿತ್ತು: ‘ರಂಗರಾವ್ ಕಾಕಾ, ಜನನ.’

ಅಂದಿನಿಂದ ನನಗೂ ಒಂದು ಹುಟ್ಟುಹಬ್ಬವಿದೆ. ಜೂನ್ ಒಂದು ಸರ್ಕಾರದ್ದು, ಅದನ್ನು ಅವರಿಗೇ ಬಿಟ್ಟುಕೊಟ್ಟಿದ್ದೇನೆ. ಹೆಂಡತಿ ಅವತ್ತು ಹೋಳಿಗೆ ಮಾಡುತ್ತಾಳೆ, ಚಹಾದ ಜೊತೆ ಒಂದು ಉಸ್ಮಾನಿಯಾ ಬಿಸ್ಕಿಟ್ಟನ್ನೂ ತಪ್ಪದೆ ಇಡುತ್ತಾಳೆ. ಆಗೊಮ್ಮೆ ಈಗೊಮ್ಮೆ ಆ ಪುಟ ತೆಗೆದು ನೋಡುತ್ತೇನೆ. ಕುಸ್ತಿಪಟುವಿನಿಂದ ಎಂಜಿನಿಯರನ ತನಕ ಎಲ್ಲರ ಹೆಸರಿನ ಮುಂದೆ ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಸತ್ತ ವರ್ಷ ಇದೆ. ಇಬ್ಬರಿಗೆ ಮಾತ್ರ ಬರೀ ಜನನ. ಪ್ರೊಫೆಸರರಿಗಂತೂ ಸಾಯುವ ಉದ್ದೇಶವಿಲ್ಲ. ಪಕ್ಕದಲ್ಲಿ ಅವರಿರುವಾಗ ನನಗೂ ಸದ್ಯಕ್ಕೆ ಅವಸರವಿಲ್ಲ.